ನಡೆಯಲಾರದವರ ಪಟ್ಟಿ

ನಮ್ಮ ಶಾಲೆಯ ಕಪಾಟಿನಲ್ಲಿ ಹಾಜರಿ ಪುಸ್ತಕಗಳ ಪಕ್ಕಕ್ಕೆ ನೀಲಿ ರಟ್ಟಿನ ಒಂದು ನೋಟ್‌ಬುಕ್ ಇದೆ. ಅದರಲ್ಲಿ ಹಳ್ಳಿಯ 61 ಮನೆಗಳಿವೆ, ಮನೆಗೊಂದು ಪುಟದಂತೆ. ಮನೆಮಂದಿಯ ಹೆಸರು, ವಯಸ್ಸು, ಫೋನ್ ಸಂಖ್ಯೆ, ದನಕರುಗಳ ಲೆಕ್ಕ. ಪುಟದ ಕೊನೆಗೆ ಕೆಂಪು ಶಾಯಿಯಲ್ಲಿ ಒಂದು ಸಾಲು: ‘ತಾವಾಗಿ ನಡೆದು ರಸ್ತೆಗೆ ಬರಲಾರದವರು’. ಈ ಕೆಂಪು ಸಾಲನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕೈಗಾ ಅಣು ವಿದ್ಯುತ್ ಸ್ಥಾವರದ ಸುತ್ತಲಿನ ಹಳ್ಳಿಗಳಲ್ಲಿ ನಡೆಯುವ ತುರ್ತು ಪರಿಸ್ಥಿತಿಯ ಅಣಕು ಕಾರ್ಯಾಚರಣೆಯಲ್ಲಿ ಕೆಲಸ ಮಾಡಿದ ಮೇಲೆ ನಾನಾಗಿ ಸೇರಿಸಿಕೊಂಡದ್ದು. ಆ ಸಾಲು ನನ್ನನ್ನು ಮುಂದೆ ಎಲ್ಲೆಲ್ಲಿಗೆ ಕರೆದೊಯ್ದಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕಾರವಾರ ತಾಲ್ಲೂಕಿನ ಹಳ್ಳಿ. ಕದ್ರಾ ಅಣೆಕಟ್ಟಿನ ಕೆಳಗೆ, ಕಾಳಿ ನದಿಯ ದಂಡೆಗೆ ಒಂದಿಷ್ಟು ಮನೆ, ಗುಡ್ಡದ ಮೇಲಿನ ಮಜರೆಯಲ್ಲಿ ಉಳಿದವು. ಸ್ಥಾವರ ಇರುವುದು ಅಣೆಕಟ್ಟಿನ ಮೇಲ್ಭಾಗದ ಹಿನ್ನೀರಿನ ಅಂಚಿಗೆ. ನಾನು ಇಲ್ಲಿಗೆ ವರ್ಗವಾಗಿ ಬರುವ ಹೊತ್ತಿಗೆ ತಲಾ 220 ಮೆಗಾವಾಟ್‌ನ ನಾಲ್ಕೂ ಘಟಕಗಳು ನಡೆಯುತ್ತಿದ್ದವು. ನಾಲ್ಕನೆಯದು ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2011ರ ಜನವರಿಯಲ್ಲಿ. ಎರಡು ತಿಂಗಳೂ ತುಂಬುವ ಮೊದಲು ಜಪಾನಿನಲ್ಲಿ ಫುಕುಶಿಮಾ ಅಣು ದುರಂತ ಸಂಭವಿಸಿತು. ಊರಿನವರು ಈ ಸ್ಥಾವರದೊಂದಿಗೆ ಬದುಕುವುದನ್ನು ರೂಢಿ ಮಾಡಿಕೊಂಡಿದ್ದರು. ಕೆಲವು ಮನೆಗಳಿಗೆ ಅಲ್ಲಿಂದಲೇ ಸಂಬಳ ಬರುತ್ತಿತ್ತು. ಹಾಗೆಯೇ, ಊರಿನಲ್ಲಿ ಯಾರಿಗೇ ಗಡ್ಡೆ ಕಾಣಿಸಿಕೊಂಡರೂ ಎಲ್ಲರ ಕಣ್ಣು ಮೊದಲು ಹೊರಳುತ್ತಿದ್ದುದು ಗುಡ್ಡದ ಆಚೆಗೆ.

ಒಂದು ಚಳಿಗಾಲ ನನಗೆ, ಆಶಾ ಕಾರ್ಯಕರ್ತೆಗೆ ಮತ್ತು ಗ್ರಾಮ ಲೆಕ್ಕಾಧಿಕಾರಿಗೆ ತರಬೇತಿಗೆ ಬರುವಂತೆ ಪತ್ರ ಬಂತು. ಸ್ಥಾವರದ ಸುತ್ತಲಿನ 16 ಕಿಲೋಮೀಟರ್ ವಲಯಕ್ಕೆ ಒಂದು ತುರ್ತು ಯೋಜನೆ ಇರುತ್ತದೆ, ಆವರಣದಾಚೆಗೆ ಅಪಾಯ ಬಂದರೆ ಜನರನ್ನು ರಕ್ಷಿಸುವ ಹೊಣೆ ಜಿಲ್ಲಾಧಿಕಾರಿಯದು, ಆ ಯೋಜನೆಯನ್ನು ಎರಡು ವರ್ಷಕ್ಕೊಮ್ಮೆ ನಿಜವೆಂಬಂತೆ ನಡೆಸಿ ನೋಡಲಾಗುತ್ತದೆ ಎಂದು ನನಗೆ ಗೊತ್ತಾದದ್ದೇ ಆಗ. ಅಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೆ. ಅವರು ವಾಸಿಸುವ ನೆಲಕ್ಕೆ ಇಂಥದೊಂದು ನಕ್ಷೆ ಇದೆ ಎಂದು ತಿಳಿಯದೆ ಹೇಳಿದ್ದೆ. ಆ ದಿನ ನಾಚಿಕೆಯಾಯಿತು.

ತರಬೇತಿಯಲ್ಲಿ ಪಾಠ ಹೇಳಿದವರು ವಿಕಿರಣದಿಂದ ರಕ್ಷಣೆಯನ್ನು ನೋಡಿಕೊಳ್ಳುವ ಆರೋಗ್ಯ ಭೌತಶಾಸ್ತ್ರ ವಿಭಾಗದ ಹಿರಿಯ ಅಧಿಕಾರಿ. ರಿಯಾಕ್ಟರನ್ನು ನಿಲ್ಲಿಸುವುದು ಕಷ್ಟದ ಕೆಲಸವಲ್ಲ ಎಂದು ಅವರು ಶುರು ಮಾಡಿದರು. ಅದಕ್ಕೆ ಒಂದನ್ನೊಂದು ಅವಲಂಬಿಸದ ಎರಡು ಏರ್ಪಾಡುಗಳಿವೆ. ನ್ಯೂಟ್ರಾನ್‌ಗಳನ್ನು ಹೀರುವ ಸರಳುಗಳು ಮೇಲಿನಿಂದ ಇಳಿಯುತ್ತವೆ. ಅವು ಸಾಲದಿದ್ದರೆ ಅದೇ ಕೆಲಸ ಮಾಡುವ ದ್ರವ ಕೊಳವೆಗಳಲ್ಲಿ ತುಂಬಿಕೊಳ್ಳುತ್ತದೆ. ಕೆಲವೇ ಸೆಕೆಂಡುಗಳ ಮಾತು. ಕಷ್ಟವಿರುವುದು ಆಮೇಲೆ. ‘ಒಲೆ ಆರಿಸಿದಿರಿ, ಕೆಂಡ ಇದೆಯಲ್ಲ?’ ಎಂದು ಕೇಳಿದರು. ನಿಲ್ಲಿಸಿದ ಕ್ಷಣದಲ್ಲಿ ರಿಯಾಕ್ಟರಿನ ಪೂರ್ಣ ಶಾಖದ ಸುಮಾರು ಶೇ 6ರಷ್ಟು ಇನ್ನೂ ಇಂಧನದಿಂದ ಹೊಮ್ಮುತ್ತಿರುತ್ತದೆ. ಅದು ಬೇಗ ಇಳಿಯುತ್ತದೆ, ಆದರೆ ಪೂರ್ತಿ ಆರುವುದಿಲ್ಲ. ದಿನಗಟ್ಟಲೆ ನೀರು ಹರಿಸುತ್ತಲೇ ಇರಬೇಕು. ಫುಕುಶಿಮಾದಲ್ಲಿ ಭೂಕಂಪವಾದ ತಕ್ಷಣ ರಿಯಾಕ್ಟರುಗಳು ತಾವಾಗಿಯೇ ನಿಂತಿದ್ದವು. ಕೆಂಡಕ್ಕೆ ನೀರು ಹಾಯಿಸುವ ಪಂಪ್‌ಗಳಿಗೆ ವಿದ್ಯುತ್ ಕೊಡಬೇಕಾದ ಡೀಸೆಲ್ ಜನರೇಟರುಗಳನ್ನು ಸುನಾಮಿ ಮುಳುಗಿಸಿತು.

ಇಷ್ಟು ಸರಳವಾಗಿ ಈ ವಿಷಯವನ್ನು ನನಗೆ ಅಲ್ಲಿಯವರೆಗೆ ಯಾರೂ ವಿವರಿಸಿರಲಿಲ್ಲ. ಸ್ಥಾವರದ ಪರವಾಗಿ ಮಾತನಾಡುವವರಿಂದ ‘ಏನೂ ಆಗುವುದಿಲ್ಲ’ ಎಂಬುದನ್ನು, ವಿರೋಧಿಸುವವರಿಂದ ‘ಎಲ್ಲ ಮುಗಿಯುತ್ತದೆ’ ಎಂಬುದನ್ನು ಕೇಳಿ ಕೇಳಿ ನಾನು ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದೆ.

ಆ ದಿನ ಕೇಳಿದೆ. ಅಪಾಯ ಎಂದು ಗೊತ್ತಾದ ಕೂಡಲೇ ಊರು ಬಿಟ್ಟು ಓಡಬೇಕಲ್ಲವೇ? ಅವರು ಗೋಡೆಯ ನಕ್ಷೆ ತೋರಿಸಿದರು. ಸ್ಥಾವರವನ್ನು ನಡುವಿನಲ್ಲಿಟ್ಟು ಗಾಡಿಯ ಗಾಲಿಯಂತೆ 16 ಭಾಗ ಮಾಡಿದ್ದರು. ಗಾಳಿ ಯಾವ ದಿಕ್ಕಿಗೆ ಬೀಸುತ್ತಿದೆಯೋ ಆ ಭಾಗದ ಜನರಿಗೆ ಮೊದಲ ಗಮನ. ಹೊರಬಿದ್ದ ವಿಕಿರಣಶೀಲ ಕಣಗಳು ಗಾಳಿಯಲ್ಲಿ ಹಾದುಹೋಗುವ ಹೊತ್ತಿನಲ್ಲಿ ಬಯಲಿಗೆ ಬಂದವನು ಅವುಗಳನ್ನು ಉಸಿರಾಡುತ್ತಾನೆ. ಬಾಗಿಲು, ಕಿಟಕಿ ಮುಚ್ಚಿಕೊಂಡು ಒಳಗಿದ್ದವನಿಗೆ ತಗಲುವುದು ಕಡಿಮೆ. ಆದ್ದರಿಂದ ಮೊದಲು ಒಳಗಿರಬೇಕು, ಹೇಳಿದಾಗ ಅಯೋಡಿನ್ ಮಾತ್ರೆ ನುಂಗಬೇಕು, ಅಳತೆ ನೋಡಿ ಆದೇಶ ಬಂದರೆ ಮಾತ್ರ ಹೊರಡಬೇಕು. ಮಾತ್ರೆ ಕಾಯುವುದು ಥೈರಾಯ್ಡ್ ಗ್ರಂಥಿಯನ್ನು ಮಾತ್ರ, ಅದೂ ವಿಕಿರಣಶೀಲ ಅಯೋಡಿನ್‌ನಿಂದ ಮಾತ್ರ. ಗ್ರಂಥಿ ಒಳ್ಳೆಯ ಅಯೋಡಿನ್‌ನಿಂದ ಮೊದಲೇ ತುಂಬಿಕೊಂಡರೆ ಕೆಟ್ಟದ್ದಕ್ಕೆ ಜಾಗವಿರುವುದಿಲ್ಲ. ಹಾಗಾಗಿ ಹೊತ್ತು ತಪ್ಪಿದರೆ ಮಾತ್ರೆಯಿಂದ ಪ್ರಯೋಜನವಿಲ್ಲ. ಮಕ್ಕಳಿಗೆ ಮೊದಲು ಕೊಡಬೇಕು, ಏಕೆಂದರೆ ಅವರ ಗ್ರಂಥಿ ಎಳೆಯದು. ನಾನು ಮಕ್ಕಳ ಶಿಕ್ಷಕ. ಈ ಕೊನೆಯ ಮಾತನ್ನು ಎರಡು ಬಾರಿ ಅಡಿಗೆರೆ ಎಳೆದು ಬರೆದುಕೊಂಡೆ.

ಮನೆ ಪಟ್ಟಿ ಮಾಡಲು ಹನ್ನೊಂದು ದಿನ ಹಿಡಿಯಿತು. ನಮ್ಮಲ್ಲಿ ಮನೆಮಾತು ಕೊಂಕಣಿ. ಕರಪತ್ರ ಕನ್ನಡದಲ್ಲಿತ್ತು. ಮೇಲಿನ ಮಜರೆಯ ಅಜ್ಜಿಯರಿಗೆ ಅದನ್ನು ಓದಿ ಹೇಳಿದರೂ ತಲುಪುತ್ತಿರಲಿಲ್ಲ, ಆಶಾ ಕಾರ್ಯಕರ್ತೆ ಕೊಂಕಣಿಯಲ್ಲಿ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಒಬ್ಬ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ‘ನಾನು ಬಸ್ಸು ಹತ್ತುತ್ತೇನೆ, ಎಮ್ಮೆಯನ್ನು ಯಾರು ಹತ್ತಿಸುತ್ತಾರೆ?’ ಎಂದಳು. ಅದು ತಳ್ಳಿಹಾಕುವ ಪ್ರಶ್ನೆಯಾಗಿರಲಿಲ್ಲ. ಹುಲ್ಲಿನ ಮೇಲೆ ಬಿದ್ದ ವಿಕಿರಣಶೀಲ ಅಯೋಡಿನ್ ಎಮ್ಮೆಯ ಹಾಲಿಗೆ ಬರುತ್ತದೆ, ಹಾಲಿನಿಂದ ಮಗುವಿಗೆ. ಕೊಟ್ಟಿಗೆಯಲ್ಲಿ ಕಟ್ಟಿ ಒಣಹುಲ್ಲು ಹಾಕಬೇಕು, ಹಾಲು ಕುಡಿಯಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ಊರಿನ ಹಾಲು, ಮೀನು, ನೀರನ್ನು ಪರಿಸರ ಸಮೀಕ್ಷಾ ಪ್ರಯೋಗಾಲಯದವರು ಪರೀಕ್ಷೆಗೆ ಒಯ್ಯುವುದು ಯಾಕೆ ಎಂಬುದು ಆ ಅಜ್ಜಿಗೂ ನನಗೂ ಒಟ್ಟಿಗೇ ಅರ್ಥವಾಯಿತು. ವರ್ಷಗಟ್ಟಲೆ ಮಾದರಿ ಕೊಟ್ಟವರ ಮನೆಗೆ ಆ ಪರೀಕ್ಷೆಯ ಫಲಿತಾಂಶ ಅವರ ಭಾಷೆಯಲ್ಲಿ ಬರಬೇಕು. ಇದನ್ನು ನಾನು ಈಗಲೂ ಹೇಳುತ್ತೇನೆ.

ಇನ್ನೊಂದು ಮನೆಯಲ್ಲಿ ಹಿರಿಯರೊಬ್ಬರು ಪಟ್ಟಿಯ ಕಾಗದ ಬದಿಗಿಟ್ಟು ಹಳೆಯದನ್ನು ತೆಗೆದರು. ಶಿವರಾಮ ಕಾರಂತರು ಕೈಗಾ ಬೇಡವೆಂದು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತದ್ದು, 1994ರ ಮೇ 13ರಂದು ಕಟ್ಟುತ್ತಿದ್ದ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದದ್ದು. ಇಂಧನ ತುಂಬಿರಲಿಲ್ಲ, ಆದ್ದರಿಂದ ವಿಕಿರಣದ ಪ್ರಶ್ನೆ ಇರಲಿಲ್ಲ. ಆದರೆ ಕಾರ್ಮಿಕರು ಗಾಯಗೊಂಡಿದ್ದರು. ಆ ಗುಮ್ಮಟವನ್ನು ಮತ್ತೆ ವಿನ್ಯಾಸ ಮಾಡಿ ಕಟ್ಟಬೇಕಾಯಿತು. ಎರಡನೇ ಘಟಕ ಒಂದನೆಯದಕ್ಕಿಂತ ಮೊದಲು, 2000ದ ಮಾರ್ಚ್‌ನಲ್ಲಿ, ವಾಣಿಜ್ಯ ಉತ್ಪಾದನೆಗೆ ಬಂತು. ‘ಬರೆದುಕೊಳ್ಳಿ ಮಾಸ್ತರೇ, ಹೆಸರು ಬರೆದುಕೊಂಡರೆ ಒಳ್ಳೆಯದೇ’ ಎಂದು ಕೊನೆಗೆ ತಮ್ಮ ಮನೆಯ ಐದು ಹೆಸರು ಹೇಳಿದರು.

ಕಾರ್ಯಾಚರಣೆಯ ದಿನ ಬೆಳಿಗ್ಗೆ ಸಂದೇಶ ಬಂದಾಗ ನಾನು ಪ್ರಾರ್ಥನೆಗೆ ಮಕ್ಕಳನ್ನು ಸಾಲು ನಿಲ್ಲಿಸುತ್ತಿದ್ದೆ. ಮಕ್ಕಳನ್ನು ಒಳಗೆ ಕೂರಿಸಿ ಕಿಟಕಿ ಮುಚ್ಚಿದೆವು. ಜೀಪಿನ ಧ್ವನಿವರ್ಧಕ ಕೆಳಗಿನ ರಸ್ತೆಯಲ್ಲಿ ಹೋಯಿತು. ಮೇಲಿನ ಮಜರೆಗೆ ಅದು ಕೇಳುವುದಿಲ್ಲ, ನಡುವೆ ಗುಡ್ಡದ ತಿರುವು ಇದೆ. ಆಶಾ ಕಾರ್ಯಕರ್ತೆ ಓಡಿಕೊಂಡೇ ಹೋದಳು. ಅಣಕು ಕಾರ್ಯಾಚರಣೆಯಲ್ಲಿ ನಿಜವಾದ ಮಾತ್ರೆ ನುಂಗಿಸುವುದಿಲ್ಲ, ಹೇಗೆ ಹಂಚುತ್ತೇವೆ ಎಂಬುದನ್ನಷ್ಟೇ ತೋರಿಸಿದೆವು. ಆಮೇಲೆ ತೆರವಿನ ಆದೇಶ. ಬಸ್ಸು ಬಂತು. ಜನ ಹತ್ತಿದರು. ದೂರದ ಒಂದು ಶಾಲೆಯ ಅಂಗಳದಲ್ಲಿ ಇಳಿಸಿ, ಹೆಸರು ನೋಂದಾಯಿಸಿ, ತಲೆಯಿಂದ ಪಾದದವರೆಗೆ ಮಾಪಕ ಹಿಡಿದು ನೋಡಿದರು. ಬಟ್ಟೆ ಬದಲಿಸಿ ಮೈ ತೊಳೆಯುವ ಜಾಗವನ್ನೂ ಸಿದ್ಧಪಡಿಸಿದ್ದರು. ನಮ್ಮ ಐದನೇ ತರಗತಿಯ ಹುಡುಗಿ ಮಾಪಕದ ಟಿಕ್ ಟಿಕ್ ಶಬ್ದ ಕೇಳಿ, ‘ಏನೂ ಇಲ್ಲದಿದ್ದರೂ ಯಾಕೆ ಶಬ್ದ ಮಾಡುತ್ತದೆ?’ ಎಂದು ಕೇಳಿದಳು. ಮಣ್ಣಿನಿಂದ, ಬಂಡೆಯಿಂದ, ಆಕಾಶದಿಂದ ಯಾವಾಗಲೂ ಒಂದಿಷ್ಟು ವಿಕಿರಣ ಬರುತ್ತಲೇ ಇರುತ್ತದೆ ಎಂದು ಮಾಪಕ ಹಿಡಿದವರು ಅವಳಿಗೆ ತಾಳ್ಮೆಯಿಂದ ಹೇಳಿದರು.

ಹಾಸಿಗೆ ಹಿಡಿದವರಿಗೆ ತೊಂದರೆ ಕೊಡಬೇಡಿ, ಪಟ್ಟಿಯಲ್ಲಿ ಗುರುತು ಮಾಡಿದರೆ ಸಾಕು ಎಂದು ಮೊದಲೇ ತಿಳಿಸಿದ್ದರು. ಕಾಯಿಲೆಯವರನ್ನು ಅಭ್ಯಾಸಕ್ಕಾಗಿ ಹೊತ್ತು ಇಳಿಸುವುದು ತಪ್ಪು, ಅದು ಸರಿಯಾದ ಸೂಚನೆಯೇ. ಒಂಬತ್ತು ಜನರ ಮುಂದೆ ‘ತೆರವು’ ಎಂದು ಗುರುತು ಹಾಕಿದೆ. ಸಂಜೆ ಮನೆಗೆ ಬಂದ ಮೇಲೆ ಆ ಒಂಬತ್ತು ಗುರುತುಗಳು ಕಣ್ಣಿನ ಮುಂದಿನಿಂದ ಹೋಗಲಿಲ್ಲ. ಅವರು ತಮ್ಮ ತಮ್ಮ ಕೋಣೆಗಳಲ್ಲೇ ಇದ್ದರು.

ಮುಂದಿನ ಭಾನುವಾರ ನಾಲ್ಕು ಹುಡುಗರನ್ನು ಕರೆದುಕೊಂಡು ಮೇಲಿನ ಮಜರೆಗೆ ಹೋದೆ. ಒಂದು ಬೆತ್ತದ ಕುರ್ಚಿಗೆ ಎರಡು ಬಿದಿರು ಕಟ್ಟಿ, ಅದರ ಮೇಲೆ 45 ಕಿಲೋ ಅಕ್ಕಿಯ ಚೀಲ ಕೂರಿಸಿದೆವು. ಕೊನೆಯ ಮನೆಯ ಜಗಲಿಯಿಂದ ಟಾರು ರಸ್ತೆಗೆ ಇಳಿಸಲು 38 ನಿಮಿಷ ಬೇಕಾಯಿತು. ಹಳ್ಳದ ದಾಟಿನಲ್ಲಿ ಒಮ್ಮೆ ಚೀಲ ಜಾರಿತು. ಬರಿಗೈಯಲ್ಲಿ ಹಿಂದಕ್ಕೆ ಹತ್ತಲು 20 ನಿಮಿಷ. ಆ ಮಜರೆಯಲ್ಲಿ ನಡೆಯಲಾರದವರು ಐದು ಮಂದಿ. ಹಗಲು ಹೊತ್ತಿನಲ್ಲಿ ಊರಿನಲ್ಲಿ ಉಳಿಯುವ ಗಟ್ಟಿ ಆಳುಗಳು ನಾಲ್ಕು, ಉಳಿದವರು ಕಾರವಾರಕ್ಕೋ ಗೋವಾಕ್ಕೋ ಕೆಲಸಕ್ಕೆ ಹೋಗುತ್ತಾರೆ. ಐದು ಸಲ ಇಳಿಯಬೇಕು, ನಾಲ್ಕು ಸಲ ಹತ್ತಬೇಕು. ನಾಲ್ಕೂವರೆ ಗಂಟೆ, ಅದೂ ಅದೇ ನಾಲ್ವರು ದಣಿಯದಿದ್ದರೆ. ಆ ರಾತ್ರಿ ಕೆಂಪು ಪೆನ್ನು ತೆಗೆದು ಪ್ರತಿ ಪುಟದ ಕೊನೆಗೆ ಆ ಸಾಲು ಬರೆದೆ.

2018ರ ಕೊನೆಯಲ್ಲಿ ವಿಸ್ತರಣೆಯ ಅಹವಾಲು ಸಭೆಯ ಸುದ್ದಿ ಬಂತು. ತಲಾ 700 ಮೆಗಾವಾಟ್‌ನ ಐದು ಮತ್ತು ಆರನೇ ಘಟಕಗಳು. ದೇಶದಲ್ಲಿ ಇಂಥ ಹತ್ತು ರಿಯಾಕ್ಟರುಗಳನ್ನು ಕಟ್ಟಲು ಕೇಂದ್ರ ಸಂಪುಟ 2017ರಲ್ಲಿ ಒಪ್ಪಿಗೆ ಕೊಟ್ಟಿತ್ತು, ಅವುಗಳಲ್ಲಿ ಎರಡು ಇಲ್ಲಿಗೆ. ಅವು ಬಂದರೆ ಕೈಗಾದ ಸಾಮರ್ಥ್ಯ 880ರಿಂದ 2,280 ಮೆಗಾವಾಟ್‌ಗೆ ಏರುತ್ತದೆ. ಪರಿಸರ ಪರಿಣಾಮ ಅಧ್ಯಯನದ ಕನ್ನಡ ಸಾರಾಂಶವನ್ನು ಜನರಿಗೆ ಸಿಗುವಂತೆ ಇಡಬೇಕು, ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಹೊರಡಿಸಬೇಕು ಎಂದು ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆ ಹೇಳುತ್ತದೆ. ಆ ಸಾರಾಂಶವನ್ನು ಓದಿಯೇ ಹೋಗಬೇಕೆಂದು ಹಟ ಹಿಡಿದೆ. ಮೂರು ರಾತ್ರಿ ಓದಿದೆ. ಹೊಸ ಘಟಕಗಳಲ್ಲಿ ಪಂಪ್‌ಗಳಿಗೆ ವಿದ್ಯುತ್ ಪೂರ್ತಿ ಕೈಕೊಟ್ಟರೂ ಕೆಂಡದ ಬಿಸಿ ತಾನಾಗಿ ಹೊರಹೋಗುವ ವ್ಯವಸ್ಥೆ ಇರುತ್ತದೆ. ಅದನ್ನು ಓದಿ ನಿಜವಾಗಿಯೂ ಸಮಾಧಾನವಾಯಿತು, ಫುಕುಶಿಮಾದಲ್ಲಿ ಸೋತದ್ದು ಅದೇ ಅಲ್ಲವೇ. ಸುಮಾರು 54 ಹೆಕ್ಟೇರ್ ಅರಣ್ಯ ಹೋಗುತ್ತದೆ ಎಂಬಲ್ಲಿ ಸಮಾಧಾನ ನಿಂತಿತು. ಕಾಳಿಯ ಕಣಿವೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿಗೆ ಈಗಾಗಲೇ ಎಷ್ಟು ಕಾಡು ಕೊಟ್ಟಿದೆ ಎಂಬುದು ಇಲ್ಲಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಡಿಸೆಂಬರ್ 15, ಶನಿವಾರ, ಮಲ್ಲಾಪುರ. ಐದು ದಿನಗಳ ಹಿಂದಷ್ಟೇ ಒಂದನೇ ಘಟಕ ಒಮ್ಮೆಯೂ ನಿಲ್ಲದೆ 941 ದಿನ ನಡೆದು, ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ವಿಶ್ವದಾಖಲೆಯನ್ನು ಮುರಿದಿತ್ತು. ಗುಮ್ಮಟ ಬಿದ್ದ ಅದೇ ಘಟಕ. ಆ ಓಟ ಶುರುವಾದದ್ದು 2016ರ ಮೇ 13ರಂದು, ಗುಮ್ಮಟ ಬಿದ್ದು ಸರಿಯಾಗಿ 22 ವರ್ಷಕ್ಕೆ. ಇಲ್ಲಿರುವಂಥ ಭಾರಜಲ ರಿಯಾಕ್ಟರಿನಲ್ಲಿ ಅದು ನಡೆಯುತ್ತಿರುವಾಗಲೇ ಹಳೆಯ ಇಂಧನ ತೆಗೆದು ಹೊಸದನ್ನು ಸೇರಿಸಬಹುದು, ಅದರಿಂದಲೇ ಇಷ್ಟು ದಿನ ಸಾಧ್ಯವಾಯಿತು. ಅಲ್ಲಿ ದುಡಿಯುವ ಎಂಜಿನಿಯರುಗಳ ಮತ್ತು ಕಾರ್ಮಿಕರ ಕೌಶಲದ ಬಗ್ಗೆ ನನಗೆ ಗೌರವವಿದೆ. ನನ್ನ ಪ್ರಶ್ನೆ ಬೇಲಿಯ ಈಚೆಗಿನದು.

ಕಾಡಿನ ಬಗ್ಗೆ, ಹೊಸ ವಿದ್ಯುತ್ ಮಾರ್ಗಗಳ ಬಗ್ಗೆ, ಉದ್ಯೋಗದ ಬಗ್ಗೆ, ಕ್ಯಾನ್ಸರ್ ಸಮೀಕ್ಷೆಯ ಬಗ್ಗೆ ಜನರಿಗೆ ಹೇಳುವುದು ಬೇಕಾದಷ್ಟಿತ್ತು. ನನ್ನ ಸರದಿ ಬಂದಾಗ ನೋಟ್‌ಬುಕ್ ತೆರೆದು ಓದಿದೆ: ಮಜರೆ ಒಂದು, ನಡೆಯಲಾರದವರು ಐದು, ಹೊರುವವರು ನಾಲ್ಕು, ನಾಲ್ಕೂವರೆ ಗಂಟೆ. ಕೇಳಿದ್ದು ಮೂರು. ಮಜರೆಗೆ ಕಾಲುಸಂಕ ಮತ್ತು ವಾಹನ ಹೋಗುವ ದಾರಿ. ಪಟ್ಟಿಯನ್ನು ಪ್ರತಿ ವರ್ಷ ಹೊಸದಾಗಿ ಮಾಡುವ ಹೊಣೆ ಯಾರದೆಂಬ ಲಿಖಿತ ಆದೇಶ. ಎಚ್ಚರಿಕೆಯ ಸಂದೇಶ ಕೊಂಕಣಿಯಲ್ಲೂ. ಧ್ವನಿ ನಡುಗುತ್ತಿತ್ತು, ಆದರೆ ಸಭೆ ಕೇಳಿಸಿಕೊಂಡಿತು. ಅದನ್ನೇ ಬರೆದ ಮನವಿಯನ್ನು ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಹೊರಬಂದೆ. 2019ರಲ್ಲಿ ಯೋಜನೆಗೆ ಪರಿಸರ ಅನುಮತಿ ಸಿಕ್ಕಿತು. ಆಮೇಲಿನ ಬೇಸಿಗೆಯಲ್ಲಿ ನಮ್ಮ ಹಳ್ಳಕ್ಕೆ ಕಾಲುಸಂಕವಾಯಿತು, ದಾರಿ ಅರ್ಧದವರೆಗೆ ಕಾಂಕ್ರೀಟ್ ಕಂಡಿತು. ಅದು ನನ್ನ ಮನವಿಯಿಂದ ಆಯಿತೋ ಪಂಚಾಯಿತಿಯ ಬೇರೆ ಕಾಮಗಾರಿಯಲ್ಲಿ ಆಯಿತೋ, ಮೆಟ್ಟಿಲು ಹತ್ತುವ ಕಾಲಿಗೆ ಎರಡೂ ಒಂದೇ.

ನೋಟ್‌ಬುಕ್ ನಿಜವಾಗಿ ಕೆಲಸಕ್ಕೆ ಬಂದದ್ದು 2021ರ ಜುಲೈನಲ್ಲಿ. ವಿಕಿರಣಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಮಲೆಯಲ್ಲಿ ಮಳೆ ಬಿಡದೆ ಸುರಿದು, ಕದ್ರಾ ಜಲಾಶಯದಿಂದ ನೀರು ಹೊರಬಿಟ್ಟು, ಕಾಳಿ ನಮ್ಮ ಕೆಳಗಿನ ಮನೆಗಳ ಅಂಗಳಕ್ಕೆ ಬಂತು. ತೆರವಿಗೆಂದು ನಾವು ನಂಬಿಕೊಂಡಿದ್ದ ಟಾರು ರಸ್ತೆಯೇ ನೀರಿನೊಳಗಿತ್ತು. ಬಸ್ಸು ಎಲ್ಲಿಂದ ಬರಬೇಕು? ನಾನು ಟಾರ್ಚ್ ಹಿಡಿದು ಪುಟ ತಿರುವುತ್ತ ಒಂದೊಂದೇ ಸಂಖ್ಯೆಗೆ ಕರೆ ಮಾಡಿದೆ. ಕೆಳಗಿನ ಮನೆಗಳಲ್ಲಿ ಕೆಂಪು ಸಾಲಿನವರು ನಾಲ್ಕು ಮಂದಿ. ಅದೇ ಬೆತ್ತದ ಕುರ್ಚಿ, ಅದೇ ಬಿದಿರು, ಆ ನಾಲ್ವರಲ್ಲಿ ಮೂವರು ಹುಡುಗರು. ಈ ಸಲ ಕೆಳಗಿನಿಂದ ಮೇಲಕ್ಕೆ, ಹೊಸ ಕಾಲುಸಂಕ ದಾಟಿ ಮಜರೆಯ ಮನೆಗಳಿಗೆ. ಎಮ್ಮೆಯ ಅಜ್ಜಿ ತನ್ನ ಜಗಲಿಯಲ್ಲಿ ಹನ್ನೊಂದು ಜನರಿಗೆ ಚಾಪೆ ಹಾಸಿದ್ದಳು.

ಪಟ್ಟಿ ಹಳೆಯದಾಗಿತ್ತು. ಎರಡು ವರ್ಷದಿಂದ ಅದನ್ನು ನಾನು ತಿದ್ದಿರಲಿಲ್ಲ. 61ರಲ್ಲಿ 17 ಫೋನ್ ಸಂಖ್ಯೆಗಳು ಸತ್ತಿದ್ದವು. ಕೆಂಪು ಸಾಲಿನ ಒಬ್ಬರು ಆ ಹೊತ್ತಿಗೆ ತೀರಿಕೊಂಡಿದ್ದರು, ಅವರ ಮನೆಯ ಮುಂದೆ ಹುಡುಗರು ಕತ್ತಲಲ್ಲಿ ಕೂಗಿ ಹತ್ತು ನಿಮಿಷ ಕಳೆದರು. ಇನ್ನೊಂದು ಮನೆಯಲ್ಲಿ ಆ ವರ್ಷವಷ್ಟೇ ಪಾರ್ಶ್ವವಾಯು ಬಡಿದಿದ್ದ ಯಜಮಾನರ ಹೆಸರು ಎಲ್ಲಿಯೂ ಇರಲಿಲ್ಲ. ಪಕ್ಕದ ಮನೆಯವರಿಗೆ ನೆನಪಾಗಿ ಹಿಂತಿರುಗಿ ಹೋಗುವಾಗ ಅವರ ಮಂಚದ ಕಾಲುಗಳು ನೀರಿನಲ್ಲಿದ್ದವು. ಅವರನ್ನು ಹೊರತಂದೆವು. ಆ ತಪ್ಪು ನನ್ನದು, ಪಟ್ಟಿ ಮಾಡಿದವನು ನಾನು.

ಅಲ್ಲಿಂದ ಈಚೆಗೆ ಪ್ರತಿ ಜೂನ್‌ನಲ್ಲಿ ಶಾಲೆ ಶುರುವಾಗುವ ವಾರ ಏಳನೇ ತರಗತಿಯ ಮಕ್ಕಳು ಮನೆ ಮನೆಗೆ ಹೋಗಿ ಪುಟ ಸರಿಪಡಿಸುತ್ತಾರೆ. ಹೊಸ ಸಂಖ್ಯೆ, ಹೊಸ ಸೊಸೆ, ತೀರಿಕೊಂಡವರು, ಬಿದ್ದು ಸೊಂಟ ಮುರಿದುಕೊಂಡವರು. ತುರ್ತು ಯೋಜನೆಯನ್ನು ಬರೆಯುವವರು ಕಚೇರಿಯಲ್ಲಿರುತ್ತಾರೆ, ಅದು ಅವರ ಕೆಲಸ, ಅದಿಲ್ಲದೆ ಬಸ್ಸೂ ಇಲ್ಲ ಮಾತ್ರೆಯೂ ಇಲ್ಲ. ಆದರೆ ಯಾರ ಕಾಲು ಯಾವಾಗ ಸೋತಿತು ಎಂಬುದು ಪಕ್ಕದ ಮನೆಯ ಮಗುವಿಗೆ ಮೊದಲು ಗೊತ್ತಾಗುತ್ತದೆ.

ಐದು ಮತ್ತು ಆರನೇ ಘಟಕಗಳ ನೆಲ ಅಗೆಯುವ ಕೆಲಸ 2022ರಲ್ಲಿ ಆರಂಭವಾಯಿತು. ದೂರದ ರಾಜ್ಯಗಳಿಂದ ಕಾರ್ಮಿಕರು ಬಂದರು. ಅವರಲ್ಲಿ ಕೆಲವು ಕುಟುಂಬಗಳು ನಮ್ಮ ಹಳ್ಳಿಯ ಅಂಚಿನಲ್ಲಿ ತಗಡಿನ ಶೆಡ್ಡುಗಳನ್ನು ಬಾಡಿಗೆಗೆ ಹಿಡಿದಿವೆ. ಮತದಾರರ ಪಟ್ಟಿಯಲ್ಲಾಗಲಿ ಪಡಿತರದ ಪಟ್ಟಿಯಲ್ಲಾಗಲಿ ಅವರು ಇಲ್ಲಿಯವರಲ್ಲ, ನನ್ನ ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ಎರಡನೇ ತರಗತಿಗೆ ಹೊಸದಾಗಿ ಸೇರಿದ ಒಡಿಯಾ ಮಾತಾಡುವ ಹುಡುಗ ‘ನಮ್ಮ ಮನೆಗೆ ಯಾರೂ ಬರಲಿಲ್ಲ’ ಎಂದು ಮಕ್ಕಳಿಗೆ ಹೇಳಿದ್ದರಿಂದ ತಿಳಿಯಿತು. ಕಳೆದ ಭಾನುವಾರ ಏಳನೆಯ ತರಗತಿಯ ಇಬ್ಬರು ಮಕ್ಕಳೊಂದಿಗೆ ಅಲ್ಲಿಗೆ ಹೋದೆ. ಎಂಟು ಶೆಡ್ಡು, 31 ಜನ. ನನ್ನ ಹರಕು ಹಿಂದಿಯಲ್ಲಿ ಯಾಕೆ ಕೇಳುತ್ತಿದ್ದೇನೆ ಎಂದು ವಿವರಿಸಿದೆ. ಕಿಟಕಿ, ಮಾತ್ರೆ, ಗಾಳಿಯ ದಿಕ್ಕು, ನದಿ. ಗಂಡಸರು ಫೋನ್ ಸಂಖ್ಯೆ ಕೊಟ್ಟರು. ಕೊನೆಯ ಶೆಡ್ಡಿನಲ್ಲಿ ಕೆಂಪು ಪೆನ್ನು ತೆಗೆಯಬೇಕಾಯಿತು. ಹದಿನೈದು ದಿನದ ಬಾಣಂತಿ, ಮತ್ತು ಇನ್ನೂ ಹೆಸರಿಡದ ಆಕೆಯ ಮಗು. ಹೆಸರಿನ ಜಾಗವನ್ನು ಖಾಲಿ ಬಿಟ್ಟು ಬಂದಿದ್ದೇನೆ. ಮುಂದಿನ ವಾರ ಮತ್ತೆ ಹೋಗಬೇಕು.